ಮೊದಲು ಚುಚ್ಚಿಸಿಕೊಂಡವಳು

ಬೀಟೆಕೊಪ್ಪದಲ್ಲಿ ಮಾರ್ಥಾ ಯಾರೆಂದು ಕೇಳಿದರೆ ಜನ ಮನೆ ತೋರಿಸುತ್ತಿರಲಿಲ್ಲ, ತಮ್ಮ ಕಿವಿ ಮುಟ್ಟಿ ತೋರಿಸುತ್ತಿದ್ದರು. ಇಪ್ಪತ್ತಾರು ಮನೆಗಳ ಆ ಊರಿನ ದೊಡ್ಡವರಲ್ಲಿ ಅವಳ ಸೂಜಿ ಹಾಯದ ಕಿವಿಗಳು ಒಂದೇ ಜೊತೆ, ಅವು ಅವಳ ಸೊಸೆ ಜ್ಯೂಲಿಯವು. ಜ್ಯೂಲಿ ಮುಂಡಗೋಡದ ಕಡೆ ಸನವಳ್ಳಿಯವಳು, ಅಲ್ಲೇ ಚುಚ್ಚಿಸಿಕೊಂಡು ಬಂದಿದ್ದಳು. ಹುಡುಗಿ ಎಲ್ಲದರಲ್ಲೂ ಚಲೋ, ಕಿವಿ ಮಾತ್ರ ಪರದೇಶಿ ಎಂದು ಮಾರ್ಥಾ ಹನ್ನೆರಡು ವರ್ಷಗಳಿಂದ ಅವಳನ್ನು ಛೇಡಿಸುತ್ತ ಬಂದಿದ್ದಳು.

ಸಾಂಬ್ರಾಣಿಯಲ್ಲಿ ಡಾಂಬರು ಮುಗಿದ ಮೇಲೆ ಕಾಡಿನೊಳಗೆ ಎರಡು ತಾಸು ನಡೆದರೆ ಬೀಟೆಕೊಪ್ಪ ಸಿಗುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ದಾರಿಯೂ ಸಿಗುವುದಿಲ್ಲ. ಊರಿನವರೆಲ್ಲ ಸಿದ್ದಿಗಳೇ, ಆದರೆ ದೇವರು ಮೂರು ಥರ: ಕೆಲವರದು ಇಗರ್ಜಿ, ಕೆಲವರದು ಮಸೀದಿ, ಕೆಲವರದು ಗುಡಿ. ಮೂರು ಥರದ ದೇವರನ್ನು ಇಟ್ಟುಕೊಂಡ ಊರು ಜಗಳವಿಲ್ಲದೆ ಬಾಳಬೇಕಾದರೆ ಏನಾದರೊಂದು ಉಪಾಯ ಬೇಕು. ಬೀಟೆಕೊಪ್ಪದವರು ಆ ಉಪಾಯವನ್ನು ಕಿವಿಯಲ್ಲಿ ಕಂಡುಕೊಂಡಿದ್ದರು.

ಅಲ್ಲಿ ಯಾವ ಮಗುವಿಗೂ ಒಂಟಿಯಾಗಿ ಕಿವಿ ಚುಚ್ಚುವುದಿಲ್ಲ. ಎರಡು ಮನೆಯ ಎರಡು ಮಕ್ಕಳನ್ನು, ಅದೂ ಆದಷ್ಟು ಬೇರೆ ಬೇರೆ ದೇವರ ಮಕ್ಕಳನ್ನು, ಒಂದೇ ಚಾಪೆಯ ಮೇಲೆ ಕೂರಿಸುತ್ತಾರೆ. ಮೊದಲನೆಯ ಮಗುವಿನ ಕಿವಿಯಿಂದ ಹೊರಬಂದ ಸೂಜಿ ನೇರ ಎರಡನೆಯದರ ಕಿವಿಗೆ ಹೋಗಬೇಕು. ನಡುವೆ ಒರೆಸುವಂತಿಲ್ಲ, ತೊಳೆಯುವಂತಿಲ್ಲ. ಒರೆಸಿದರೆ ಹೋಗುವುದು ಬರೀ ರಕ್ತವಲ್ಲ, ರಕ್ತಸಂಬಂಧ ಎಂದು ಮಾರ್ಥಾಳ ತಾಯಿ ಹೇಳುತ್ತಿದ್ದಳು. ಅಂದಿನಿಂದ ಆ ಇಬ್ಬರೂ ಸಾಯುವ ತನಕ ಸೂಜಿ ಒಡಹುಟ್ಟಿದವರು. ಮೊದಲು ಚುಚ್ಚಿಸಿಕೊಂಡ ಮಗು ಅಕ್ಕ ಅಥವಾ ಅಣ್ಣ, ಆಮೇಲಿನದು ತಂಗಿ ಅಥವಾ ತಮ್ಮ. ಹುಟ್ಟಿದ ದಿನ ಯಾರೂ ಕೇಳುವುದಿಲ್ಲ. ಜೋಡಿ ಮುಗಿದ ಮೇಲೆ ಸೂಜಿಯನ್ನು ಬೂದಿಯಲ್ಲಿ ತಿಕ್ಕಿ, ಹಿತ್ತಾಳೆಯ ಸುಣ್ಣದ ಡಬ್ಬಿಯೊಳಗೆ ಎತ್ತಿಡುತ್ತಿದ್ದರು. ಹಲಸಿನ ಮರದ ವಿಷಯಕ್ಕೆ ಕೊಡಲಿ ಹಿಡಿದು ನಿಂತಿದ್ದ ಸಂತಾನ ಎಂಬವನು, ಎದುರಿಗಿದ್ದವನು ತನ್ನ ಸೂಜಿ ಅಣ್ಣ ಎಂದು ನೆನಪಾಗಿ ಅದೇ ಕೊಡಲಿಯಿಂದ ಹಣ್ಣು ಸೀಳಿ ಹಂಚಿದ್ದನ್ನು ಊರು ಇನ್ನೂ ಹೇಳುತ್ತದೆ.

ಆ ಸೂಜಿ ಮಾರ್ಥಾಳ ತಾಯಿಯದು. ತಾಯಿ ಕಣ್ಣು ಮುಚ್ಚಿದ ಮೇಲೆ ನಲವತ್ತು ವರ್ಷ ಅದು ಮಾರ್ಥಾಳ ಕೈಯಲ್ಲಿತ್ತು. ಸೂಜಿ ಹಲವು ಸಲ ಅವಳ ಬೆರಳಿಗೂ ಚುಚ್ಚಿತ್ತು. ಹಾಗೆ ಚುಚ್ಚಿದಾಗಲೆಲ್ಲ, ತಾನೂ ಆ ಮಕ್ಕಳಿಗೆ ಏನೋ ಆದೆ ಎಂದು ಅವಳು ಖುಷಿಪಡುತ್ತಿದ್ದಳು.

ಜ್ಯೂಲಿ ಊರಿನ ಆಶಾ ಕಾರ್ಯಕರ್ತೆ. ಒಂದೇ ವರ್ಷದಲ್ಲಿ ಇಬ್ಬರು ಹೊಟ್ಟೆ ಉಬ್ಬಿ ಸತ್ತಿದ್ದನ್ನು ಅವಳು ಮೇಲಿನವರಿಗೆ ಬರೆದು ಬರೆದು, ಕೊನೆಗೆ ರಕ್ತ ಪರೀಕ್ಷೆಯ ತಂಡವೊಂದು ಜೀಪಿನಲ್ಲಿ ಕುಲುಕಾಡುತ್ತ ಊರಿಗೆ ಬಂತು. ಗಂಡಸರಿಗೆಲ್ಲ ಅದೇ ಹೊತ್ತಿಗೆ ತಪ್ಪಿಸಿಕೊಂಡ ಎತ್ತುಗಳು ನೆನಪಾದವು. ಎತ್ತೇ ಇಲ್ಲದವರೂ ಎತ್ತು ಹುಡುಕಲು ಕಾಡಿಗೆ ಹೋದರು. ಸೊಸೆಯ ಮುಖ ಸಣ್ಣದಾದದ್ದು ಮಾರ್ಥಾಳಿಗೆ ಸಹಿಸಲಾಗಲಿಲ್ಲ. ಮೊದಲನೆಯವಳಾಗಿ ಹೋಗಿ ಕುಳಿತು ಬೆರಳು ಚಾಚಿದಳು. ನಾಚಿಕೆಯಾಗಿ ಇನ್ನೂ ಹದಿನೈದು ಹದಿನೆಂಟು ಜನ ಬಂದರು. ಬಂದವರಲ್ಲಿ ಏಳು ಜನರ ರಕ್ತದ ಹನಿ ಬಿದ್ದ ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಒಂದು ಗೆರೆ ಬಂದರೆ ರೋಗವಿಲ್ಲ, ಎರಡು ಬಂದರೆ ಇರಬಹುದು. ಮಾರ್ಥಾಳದು ಎರಡು. ಸಂತಾನನದು ಎರಡು. ಸಂತಾನನ ಮಗಳು, ಇಪ್ಪತ್ತೆರಡು ವರ್ಷದ ನೀಲಂಳದೂ ಎರಡೇ.

ಹಳಿಯಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ಉಮಾಶ್ರೀ ಮಾರ್ಥಾಳ ರಕ್ತವನ್ನು ಇನ್ನೊಂದು ಸಲ ತೆಗೆಸಿ, ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ತಿಳಿಸಿದರು. ಇದರ ಹೆಸರು ಹೆಪಟೈಟಿಸ್ ಸಿ. ಯಕೃತ್ತಿನಲ್ಲಿ ಸದ್ದಿಲ್ಲದೆ ಇಪ್ಪತ್ತು ಮೂವತ್ತು ವರ್ಷ ಕೂತಿರುತ್ತದೆ, ಆಮೇಲೆ ಕೆಡಿಸುತ್ತದೆ. ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ, ಅಪ್ಪಿಕೊಂಡರೆ ಬರುವುದಿಲ್ಲ. ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಿದರೆ ಬರುತ್ತದೆ. ಮೂರು ತಿಂಗಳು ಗುಳಿಗೆ ನುಂಗಿದರೆ ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ, ಗುಳಿಗೆ ಸರ್ಕಾರವೇ ಕೊಡುತ್ತದೆ. ಆದರೆ ಯಾರಿಗೆ ಇದೆಯೆಂದು ಗೊತ್ತಾಗಬೇಕಲ್ಲ, ಅದಕ್ಕೆ ಎಲ್ಲರೂ ರಕ್ತ ಕೊಡಬೇಕು. ಇಷ್ಟು ಹೇಳಿ ಅವರು, ನಿಮ್ಮೂರಿನಲ್ಲಿ ಒಂದೇ ಸೂಜಿ ಹಲವರಿಗೆ ಚುಚ್ಚಿದ್ದು ಉಂಟೇ ಎಂದು ಕೇಳಿದರು.

ಮಾರ್ಥಾ ತಡಮಾಡಲಿಲ್ಲ. ಬಸಲಿಂಗಯ್ಯ ಕಂಪೌಂಡರ್ ಎಂಬೊಬ್ಬ ಸೈಕಲ್ಲಿನ ಮೇಲೆ ಬರುತ್ತಿದ್ದ, ಜ್ವರಕ್ಕೂ ನೆಗಡಿಗೂ ಊರಿಗೆಲ್ಲ ಒಂದೇ ಸೂಜಿಯಿಂದ ಚುಚ್ಚುತ್ತಿದ್ದ ಎಂದಳು. ಅದು ನಿಜವೂ ಆಗಿತ್ತು. ಡಾಕ್ಟರರು ಬರೆದುಕೊಂಡು, ಹಚ್ಚೆ, ಕಿವಿ ಚುಚ್ಚುವುದು ಏನಾದರೂ ಎಂದರು. ಮಾರ್ಥಾ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಅಂಥದ್ದೇನಿಲ್ಲ ಎಂದುಬಿಟ್ಟಳು. ಜ್ಯೂಲಿ ನೆಲ ನೋಡಿದಳು. ಸೂಜಿ ಕುದಿಸಿರೆಂದು ಅವಳು ಅತ್ತೆಗೆ ಎಷ್ಟೋ ಸಲ ಹೇಳಿದ್ದಳು. ಹೂಂ ಅನ್ನುವುದರಲ್ಲಿ ಮಾರ್ಥಾಳನ್ನು ಮೀರಿಸಿದವರಿಲ್ಲ.

ಮರಳುವಾಗ ಬಸ್ಸಿನಲ್ಲಿ ಜ್ಯೂಲಿ ಒಂದೇ ಮಾತು ಹೇಳಿದಳು.

“ಅತ್ತಿ, ಕಂಪೌಂಡರ್ ಸತ್ತು ಇಪ್ಪತ್ತೈದು ವರ್ಷಾತು. ನೀಲಂ ಇನ್ನೂ ಹುಟ್ಟಿದ್ದಿಲ್ಲ.”

ನೀಲಂಳ ಕಿವಿ ಚುಚ್ಚಿದ ದಿನ ಮಾರ್ಥಾಳಿಗೆ ಚೆನ್ನಾಗಿ ನೆನಪಿತ್ತು. ಆ ಮಗು ಅತ್ತಿರಲಿಲ್ಲ, ತನ್ನ ಕಿವಿಯ ನೋವು ಮರೆತು ಪಕ್ಕದ ಮಗುವಿನ ಕಣ್ಣೀರು ಒರೆಸಿತ್ತು.

ಊರು ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. ಎಲ್ಲ ಆ ಕಂಪೌಂಡರನದೇ ಕೆಲಸ ಎಂದು ಸಂತಾನ ಸಾರುತ್ತಿದ್ದ. ಸತ್ತವನ ಮೇಲೆ ತಪ್ಪು ಹೊರಿಸುವುದರಲ್ಲಿ ಒಂದು ಸುಖವಿದೆ, ಅವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಆದರೆ ಅದರಿಂದ ಒಂದು ಕೇಡಾಯಿತು. ಕಂಪೌಂಡರನನ್ನು ಕಾಣದ ಹರೆಯದವರೆಲ್ಲ, ನಮಗೆ ಅವನ ಸೂಜಿ ತಾಗಿಲ್ಲ, ನಾವೇಕೆ ರಕ್ತ ಕೊಡಬೇಕು ಎಂದು ಕೂತರು. ಬರುವ ಗುರುವಾರ ಮತ್ತೆ ತಂಡ ಬರುತ್ತದೆ ಎಂದು ಜ್ಯೂಲಿ ಮನೆ ಮನೆ ಸುತ್ತಿದಳು. ಎಲ್ಲ ಕಡೆ ಚಹಾ ಸಿಕ್ಕಿತು, ಮಾತು ಸಿಗಲಿಲ್ಲ.

ಬಾಯಿ ತೆರೆಯಬೇಕಾದವಳು ತಾನು ಎಂದು ಮಾರ್ಥಾಳಿಗೆ ಗೊತ್ತಿತ್ತು. ತೆರೆದರೆ ಏನು ಹೋಗುತ್ತದೆ ಎಂಬುದೂ ಗೊತ್ತಿತ್ತು. ಹೊಲವಿಲ್ಲ, ಬಂಗಾರವಿಲ್ಲ, ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಇದ್ದದ್ದು ಒಂದೇ: ಊರಿನ ಪ್ರತಿ ಮಗುವೂ ಅವಳನ್ನು ಕಂಡರೆ ಕಿವಿ ಹಿಡಿದು ನಗುತ್ತಿತ್ತು. ಅದೂ ಹೋದರೆ ಆಮೇಲೆ ಏನಿದೆ ಎಂದು ಅವಳು ಹೆದರಿದಳು.

ಹೀಗಿರುವಾಗ ರಿಯಾಜ ತನ್ನ ಸಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಗೋದುಬಾಯಿಯ ಮೊಮ್ಮಗಳ ಜೊತೆ ಜೋಡಿ ಗೊತ್ತಾಗಿದೆ, ಭಾನುವಾರ ಚುಚ್ಚಬೇಕು ಎಂದ. ಮಗು ಆಗಲೇ ತನ್ನ ಎರಡೂ ಕಿವಿ ಹಿಡಿದುಕೊಂಡು ಮಾರ್ಥಾಳನ್ನು ನೋಡಿ ನಗುತ್ತಿತ್ತು. ಮಾರ್ಥಾಳ ಬಾಯಿಂದ ಬಂದದ್ದು ಸುಳ್ಳು. ಸೂಜಿ ಕಳೆದುಹೋಗಿದೆ ಎಂದಳು.

ಆಮೇಲೆ ನಡೆದದ್ದನ್ನು ಅವಳು ಎಣಿಸಿರಲಿಲ್ಲ. ಅರ್ಧ ತಾಸಿನಲ್ಲಿ ಊರಿಗೂರೇ ಅವಳ ಅಂಗಳದಲ್ಲಿತ್ತು. ರಕ್ತ ಕೊಡಲು ಕರೆದಾಗ ಎತ್ತು ಹುಡುಕಲು ಕಾಡಿಗೆ ಹೋಗಿದ್ದವರು ಈಗ ಸೂಜಿ ಹುಡುಕಲು ಕಾಡಿನಿಂದ ಬಂದರು. ಗೋದುಬಾಯಿ ಒಲೆಯ ಬೂದಿಯನ್ನೆಲ್ಲ ಸಾಣಿಗೆಯಲ್ಲಿ ಸಾಣಿಸಿದಳು. ಸಂತಾನ ಮಂಡಿಯೂರಿ ಅಂಗಳದ ಮಣ್ಣನ್ನು ಬೆರಳಿನಿಂದ ಕೆದಕಿದ. ನೀಲಂ ಕೋಳಿಗೂಡಿನೊಳಗೆ ತಲೆ ಹಾಕಿ, ಹುಂಜದಿಂದ ಕುಕ್ಕಿಸಿಕೊಂಡು ಹೊರಬಂದಳು. ಅಳಬ್ಯಾಡ ಅಜ್ಜಿ, ಸಿಗತೈತಿ ಎಂದು ಬಂದವರೆಲ್ಲ ಮಾರ್ಥಾಳ ಬೆನ್ನು ಸವರಿದರು. ಸೂಜಿ ಅವಳ ಸೊಂಟದ ಎಲೆಯಡಿಕೆ ಚೀಲದಲ್ಲಿತ್ತು. ಅವಳು ನಿಜವಾಗಿಯೂ ಅಳುತ್ತಿದ್ದಳು. ಇಷ್ಟು ಪ್ರೀತಿಸುವ ಜನಕ್ಕೆ ಮೋಸ ಮಾಡುತ್ತಿದ್ದೇನೆಂದು ಅಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಸಾಂಬ್ರಾಣಿಯ ದಾರಿ ಹಿಡಿದಳು. ಊರಿಗೆ ಹೇಳುವ ಮೊದಲು ಒಬ್ಬಳಿಗೆ ಹೇಳಬೇಕಿತ್ತು. ಅವಳು ಶಿವವ್ವ.

ಶಿವವ್ವನದು ಸಾಂಬ್ರಾಣಿಯಲ್ಲಿ ದೊಡ್ಡ ಮನೆ, ಭತ್ತದ ವ್ಯಾಪಾರ, ಕೊರಳಲ್ಲಿ ಲಿಂಗ. ಅರವತ್ತು ವರ್ಷದ ಹಿಂದೆ ಮಾರ್ಥಾಳ ತಾಯಿ ಅವಳ ಅಪ್ಪನ ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದಳು. ಕೂಲಿಯವಳ ಮಗಳೂ ಒಡೆಯರ ಮಗಳೂ ಕೂಡಿ ಆಡಿದ್ದೇ ಆಡಿದ್ದು. ಶಿವವ್ವನ ಕೆಳಗಿವಿಯನ್ನು ಬಂಗಾರದ ಕೆಲಸದ ಪತ್ತಾರ ಶಾಸ್ತ್ರೋಕ್ತವಾಗಿ ಚುಚ್ಚಿದ್ದ. ಆದರೆ ಏಳು ವರ್ಷದ ಆ ಹುಡುಗಿಗೆ ಮಾರ್ಥಾಳ ಸೂಜಿ ತಂಗಿಯಾಗಲೇಬೇಕಿತ್ತು, ಅಲ್ಲ, ಅವಳ ಪ್ರಕಾರ ಅಕ್ಕ. ಹಟ ಹಿಡಿದು ಅತ್ತು, ಕೊಟ್ಟಿಗೆಯ ಹಿಂದೆ ಮಾರ್ಥಾಳ ಜೊತೆ ಕದ್ದು ಕುಳಿತು, ಅವಳ ತಾಯಿಯ ಕೈಯಿಂದ ಮೇಲ್ಗಿವಿಗೆ ಚುಚ್ಚಿಸಿಕೊಂಡಳು. ಮನೆಯವರು ಕೇಳಿದಾಗ ಬುಗುಡಿ ಹಾಕುವ ಆಸೆಗೆ ತಾನೇ ಮುಳ್ಳಿನಿಂದ ಚುಚ್ಚಿಕೊಂಡೆ ಎಂದಳು. ಗುಟ್ಟು ಇವತ್ತಿಗೂ ಇಬ್ಬರಲ್ಲೇ ಉಳಿದಿತ್ತು. ಜನರೆದುರು ಮಾರ್ಥಾ ಅವಳನ್ನು ಅವ್ವಾರ ಎನ್ನುತ್ತಿದ್ದಳು. ಹಿತ್ತಲಿಗೆ ಹೋದರೆ ಶಿವಿ. ಹಿತ್ತಲಿನಲ್ಲಿ ಇಬ್ಬರಿಗೂ ಅರವತ್ತು ವರ್ಷದಿಂದ ಒಂದೇ ಜಗಳ: ಅವತ್ತು ಮೊದಲು ಚುಚ್ಚಿಸಿಕೊಂಡವಳು ಯಾರು, ಅಂದರೆ ಅಕ್ಕ ಯಾರು?

ಶಿವವ್ವ ಹಿತ್ತಲಿನಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದಳು. ಮಾರ್ಥಾ ಎದುರಿಗೆ ಕುಳಿತು ತಾನೂ ಒಂದು ತೆನೆ ಎತ್ತಿಕೊಂಡಳು. ಅದರ ಕಾಳು ಬಿಡಿಸಿ ಆದ ಮೇಲೆ ಹೇಳಿದಳು.

“ಶಿವಿ, ಅವತ್ತು ನೀನೇ ಮೊದಲು ಚುಚ್ಚಿಸ್ಕೊಂಡಿ. ನೀನೇ ಅಕ್ಕ. ನಾ ಇಷ್ಟು ದಿನಾ ಸುಳ್ಳ ವಾದಾ ಮಾಡೇನಿ.”

ಶಿವವ್ವನ ಕೈ ನಿಂತಿತು. ಅರವತ್ತು ವರ್ಷ ಸೋಲದವಳು ಈಗ ಯಾಕೆ ಸೋಲುತ್ತಿದ್ದಾಳೆಂದು ಅವಳಿಗೆ ಅನುಮಾನ ಬಂತು. ಕೆದಕಿ ಕೇಳಿದಾಗ ಮಾರ್ಥಾ ಎಲ್ಲ ಹೇಳಿದಳು: ಎರಡು ಗೆರೆ, ಡಾಕ್ಟರು, ನೀಲಂ, ಚೀಲದಲ್ಲಿ ಬಚ್ಚಿಟ್ಟ ಸೂಜಿ. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುವುದು ಮೊದಲನೆಯವರಿಂದ ಎರಡನೆಯವರಿಗೆ. ಶಿವವ್ವ ಮೊದಲಾಗಿದ್ದರೆ ಮಾರ್ಥಾಳ ರಕ್ತ ಅವಳಿಗೆ ತಾಗಿಲ್ಲ, ಅವಳು ಪಾರು. ಇದು ಡಾಕ್ಟರರ ಲೆಕ್ಕವಲ್ಲ. ಆ ಸೂಜಿ ಅದಕ್ಕೂ ಮೊದಲು ಎಷ್ಟು ಕಿವಿ ಕಂಡಿತ್ತೋ, ಮಾರ್ಥಾಳಿಗೆ ರೋಗ ಯಾವಾಗ ಅಂಟಿತೋ, ಯಾರೂ ಹೇಳಲಾರರು. ದಾರಿಯುದ್ದಕ್ಕೂ ಯೋಚಿಸಿ, ಪ್ರೀತಿಯವಳನ್ನು ಉಳಿಸಿಕೊಳ್ಳಲು ಅವಳು ತಾನೇ ಹಾಕಿಕೊಂಡ ಲೆಕ್ಕ ಅದು.

ಶಿವವ್ವ ಮಡಿಲಿನ ಕಾಳನ್ನೆಲ್ಲ ಬುಟ್ಟಿಗೆ ಕೊಡವಿದಳು.

“ನಾ ಅವತ್ತು ಬಣವಿ ಹಿಂದ ಅಡಗಿ ಕುಂತಿದ್ನಿ,” ಎಂದಳು. “ಸೂಜಿ ನೋಡಿ ಎದಿ ಒಡದಿತ್ತು. ನೀ ಚುಚ್ಚಿಸ್ಕೊಂಡು, ಅಳದ, ನನ್ನ ಕಡೆ ನೋಡಿ ನಕ್ಕಿ. ಅದಕ್ಕ ನಾ ಎದ್ದು ಬಂದ್ನಿ. ಮೊದಲು ನೀನು, ಮಾರ್ಥಾ. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ.”

ಮಾರ್ಥಾ ಅಲ್ಲ ಅಲ್ಲ ಎಂದಳು. ಶಿವವ್ವ ಹೌದು ಹೌದು ಎಂದಳು. ಇಬ್ಬರು ಮುದುಕಿಯರು ಹಿತ್ತಲಿನಲ್ಲಿ ಕೂತು ತಾವೇ ಸೋಲಬೇಕೆಂದು ಜಗಳಾಡಿದರು. ಕೊನೆಗೆ ಶಿವವ್ವ, ತಂಡದವರು ಯಾವತ್ತು ಬರುತ್ತಾರೆ ಎಂದಷ್ಟೇ ಕೇಳಿದಳು. ನೀನು ಬರಬೇಡ, ಹಳಿಯಾಳಕ್ಕೆ ಹೋಗಿ ಗುಟ್ಟಾಗಿ ತೋರಿಸಿಕೊ ಎಂದು ಮಾರ್ಥಾ ಅಂಗಲಾಚಿದಳು. ಶಿವವ್ವ ಅವಳಿಗೆ ಬುತ್ತಿ ಕಟ್ಟಿಕೊಟ್ಟು ಕಳಿಸಿದಳು.

ಗುರುವಾರ ಅಂಗನವಾಡಿಯ ಮುಂದೆ ಮೇಜು ಹಾಕಿ ತಂಡದವರು ಕೂತರು. ನರ್ಸಿನ ಪಕ್ಕ ಜ್ಯೂಲಿ ಖಾಲಿ ಹಾಳೆ ಹಿಡಿದು ನಿಂತಳು. ಜನ ಬಂದದ್ದೇನೋ ನಿಜ, ಆದರೆ ಎಲ್ಲರೂ ಹುಣಸೆಮರದ ನೆರಳಿನಲ್ಲೇ ನಿಂತರು, ಮೇಜಿನ ಹತ್ತಿರ ಯಾರೂ ಇಲ್ಲ. ಮಾರ್ಥಾ ನಡುವೆ ಬಂದು ನಿಂತಳು. ಚೀಲದಿಂದ ಹಿತ್ತಾಳೆಯ ಡಬ್ಬಿ ತೆಗೆದಳು. ಅಜ್ಜಿಗೆ ಸೂಜಿ ಸಿಕ್ಕಿತು ಎಂದು ಹಿಂದಿನಿಂದ ಯಾರೋ ಸಂತೋಷದಿಂದ ಕೂಗಿದರು.

“ಸೂಜಿ ಕಳದಿದ್ದಿಲ್ಲ,” ಎಂದಳು ಮಾರ್ಥಾ. “ನಾ ಮುಚ್ಚಿಟ್ಟಿದ್ನಿ. ಈ ರೋಗಾ ಕಂಪೌಂಡರ್ ಒಬ್ಬಾಂವ ಹಂಚಿಲ್ಲ. ನಾನೂ ಹಂಚೇನಿ. ನೀವು ಹೊರಗಿನವರ ಆಗಬಾರದು ಅಂತ ಒರಸದ ಚುಚ್ಚಿದ್ನಿ, ಅದ ರಕ್ತದಾಗ ರೋಗಾನೂ ಕೊಟ್ಟೇನಿ. ನಂಗ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲೂ ಹತ್ತು ದಿನಾ ಸುಮ್ಮನಿದ್ನೆಲ್ಲ, ಅದು ನನ್ನ ತಪ್ಪು.”

ಹೇಳಿ, ನರ್ಸಿನ ಕಾಲ ಬಳಿ ಇದ್ದ ಸೂಜಿ ಹಾಕುವ ಬಿಳಿ ಡಬ್ಬಿಯೊಳಗೆ ತಾಯಿಯ ಸೂಜಿಯನ್ನು ಬಿಟ್ಟಳು. ಎರಡು ತಲೆಮಾರಿನ ಸೂಜಿ ಬೀಳುವಾಗ ಸದ್ದೇ ಆಗಲಿಲ್ಲ.

ಗೋದುಬಾಯಿ ಮೊಮ್ಮಗಳನ್ನು ಎತ್ತಿಕೊಂಡು, ಮಾರ್ಥಾಳ ಮುಖವನ್ನೂ ನೋಡದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾರ್ಥಾ ತಾನು ಹೆದರಿದ್ದು ಆಗಿಹೋಯಿತು ಎಂದುಕೊಂಡಳು.

ಆಗ ಹಳ್ಳದ ದಾರಿಯಿಂದ ಜೀಪೊಂದು ಬಂತು. ಅದರಿಂದ ಶಿವವ್ವ ಮಗ ಸಿದ್ದಲಿಂಗನ ಕೈ ಹಿಡಿದು ಇಳಿದಳು. ಅವ್ವ ಇಲ್ಲಿಗೆ ಯಾಕೆ ಬರಬೇಕೆಂದಳೋ ಸಿದ್ದಲಿಂಗನಿಗೆ ಇನ್ನೂ ತಿಳಿದಿರಲಿಲ್ಲ. ಸಾಂಬ್ರಾಣಿಯ ದೊಡ್ಡ ಮನೆಯ ಯಜಮಾನಿ ಬಂದಳೆಂದು ಜನ ಸರಿದು ದಾರಿ ಬಿಟ್ಟರು. ಮಾರ್ಥಾ ರೂಢಿಯಂತೆ, ಬರ್ರಿ ಅವ್ವಾರ ಎಂದಳು. ಶಿವವ್ವ ನೇರ ಮೇಜಿಗೆ ಹೋಗಿ ಕುರ್ಚಿಯಲ್ಲಿ ಕುಳಿತು, ಸೆರಗು ಸರಿಸಿ, ಮೇಲ್ಗಿವಿಯ ಬುಗುಡಿಯನ್ನು ಬಿಚ್ಚಿ ಮಗನ ಕೈಗೆ ಕೊಟ್ಟಳು. ಈ ತೂತು ಇವಳ ತಾಯಿ ಚುಚ್ಚಿದ್ದು, ಇದೇ ಸೂಜಿಯಿಂದ, ಇವಳ ಬೆನ್ನಿಗೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಸಿದ್ದಲಿಂಗ ಅಂಗೈಯಲ್ಲಿದ್ದ ಬುಗುಡಿಯನ್ನೂ ಅವ್ವನ ಕಿವಿಯನ್ನೂ ನೋಡಿದ. ಶಿವವ್ವ ನರ್ಸಿಗೆ ಬೆರಳು ಚಾಚಿದಳು.

ನರ್ಸು ಹೊಸ ಸೂಜಿಯ ಪೊಟ್ಟಣ ಹರಿದು, ಚುಚ್ಚಿ, ಆ ಸೂಜಿಯನ್ನು ಅಲ್ಲೇ ಬಿಳಿ ಡಬ್ಬಿಗೆ ಎಸೆದಳು. ಒಂದು ಹನಿ ರಕ್ತ ಪಟ್ಟಿಯ ಮೇಲೆ ಬಿತ್ತು. ಇಪ್ಪತ್ತು ನಿಮಿಷ ಕಾಯಬೇಕು. ಶಿವವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಮಾರ್ಥಾ ಅವಳ ಪಕ್ಕ ನೆಲದ ಮೇಲೆ ಕುಳಿತಳು. ಮರದ ಕೆಳಗಿನವರು ಒಬ್ಬೊಬ್ಬರೇ ಹತ್ತಿರ ಬಂದು ಪಟ್ಟಿಯನ್ನು ಇಣುಕಿ ನೋಡತೊಡಗಿದರು. ಒಂದು ಗೆರೆ ಬೇಗ ಬಂತು. ಮಾರ್ಥಾ ಕಣ್ಣು ಮುಚ್ಚಿ, ಅಷ್ಟಕ್ಕೇ ನಿಲ್ಲಲಿ ಎಂದು ತನ್ನ ದೇವರ ಜೊತೆ ಊರಿನ ಉಳಿದಿಬ್ಬರು ದೇವರನ್ನೂ ಬೇಡಿಕೊಂಡಳು.

ಕಣ್ಣು ತೆರೆದಾಗ ಶಿವವ್ವ ಪಟ್ಟಿಯನ್ನು ಅವಳ ಮುಂದೆ ಹಿಡಿದಿದ್ದಳು. ಎರಡನೆಯ ಗೆರೆ ತೆಳ್ಳಗೆ ಮೂಡಿತ್ತು.

“ನೋಡಕ್ಕಾ,” ಎಂದಳು ಶಿವವ್ವ, ಮಗನೆದುರು, ಇಪ್ಪತ್ತಾರು ಮನೆಯವರೆದುರು. “ನಾ ಹೇಳಿದ್ದಿಲ್ಲೇನ? ನಾನೇ ತಂಗಿ.”

ಅಕ್ಕ ಎಂಬ ಆ ಮಾತನ್ನು ಅವಳ ಬಾಯಿಂದ ಒಮ್ಮೆ ಕೇಳಬೇಕೆಂದು ಮಾರ್ಥಾ ಅರವತ್ತು ವರ್ಷ ಜಗಳಾಡಿದ್ದಳು. ಈಗ ಅದು ಸಿಕ್ಕಿತು. ಸಿಗದಿದ್ದರೆ ಎಷ್ಟು ಚಂದವಿತ್ತು ಎಂದು ಅವಳು ಶಿವವ್ವನ ಮಡಿಲಿನಲ್ಲಿ ತಲೆಯಿಟ್ಟು ಅತ್ತಳು. ಶಿವವ್ವ ಅವಳ ನರೆತ ಗುಂಗುರು ಕೂದಲನ್ನು ಸವರುತ್ತ, ಗುಳಿಗೆ ಎಷ್ಟು ಹೊತ್ತಿಗೆ ನುಂಗಬೇಕು, ಊಟಕ್ಕೆ ಮೊದಲೋ ಆಮೇಲೋ ಎಂದು ಜ್ಯೂಲಿಯನ್ನು ಕೇಳುತ್ತಿದ್ದಳು. ದಿನಾ ಆ ಹೊತ್ತಿಗೆ ಅಕ್ಕನಿಗೆ ಫೋನು ಮಾಡಿಕೊಡಬೇಕೆಂದು ಸಿದ್ದಲಿಂಗನಿಗೂ ಅಲ್ಲೇ ಹೇಳಿದಳು. ಅವನು ಬುಗುಡಿಯನ್ನು ಕರವಸ್ತ್ರದಲ್ಲಿ ಕಟ್ಟಿ ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಬಗ್ಗಿ ಮಾರ್ಥಾಳಿಗೆ, ಏಳ್ರಿ ದೊಡ್ಡವ್ವ ಎಂದ.

ಮೊದಲು ಬಂದವಳು ನೀಲಂ. ಅವಳ ರಕ್ತ ಆಗಲೇ ನೋಡಿಯಾಗಿತ್ತು, ಆದರೆ ಅವಳು ಒಬ್ಬಳೇ ಬರಲಿಲ್ಲ. ಅಂದು ಚಾಪೆಯ ಮೇಲೆ ಯಾರ ಕಣ್ಣೀರು ಒರೆಸಿದ್ದಳೋ ಆ ಸೂಜಿ ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದಳು. ಅವಳ ಹಿಂದೆ ಸಂತಾನ ತನ್ನ ಸೂಜಿ ಅಣ್ಣನನ್ನು ಕರೆತಂದ. ರಿಯಾಜ ತನ್ನ ಜೋಡಿಯನ್ನು ಹುಡುಕಿಕೊಂಡು ಗದ್ದೆಯ ಕಡೆ ಓಡಿದ. ಗೋದುಬಾಯಿಯ ಬಾಗಿಲು ಅವತ್ತು ತೆರೆಯಲಿಲ್ಲ. ಮೂರನೆಯ ದಿನ ಅವಳು ತಾನಾಗಿ ಜ್ಯೂಲಿಯ ಬಳಿ ಬಂದು ರಕ್ತ ಕೊಟ್ಟಳು. ಮಾರ್ಥಾಳ ಜೊತೆ ಮಾತಾಡಲು ಇನ್ನೂ ಒಂದು ತಿಂಗಳು ತೆಗೆದುಕೊಂಡಳು.

ಆ ಗುರುವಾರ ಜ್ಯೂಲಿಯ ಹಾಳೆ ತುಂಬುತ್ತಿತ್ತು. ಕೆಲಸಕ್ಕೆಂದು ಗೋವೆಗೆ, ದಾಂಡೇಲಿಗೆ ಹೋದವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮಾರ್ಥಾ ಕಣ್ಣೊರೆಸಿಕೊಂಡು ಎದ್ದು ಸೊಸೆಯ ಪಕ್ಕ ನಿಂತಳು. ನಲವತ್ತು ವರ್ಷದ ಕಿವಿಗಳನ್ನೆಲ್ಲ, ಯಾರ ಜೊತೆ ಯಾರು, ಮೊದಲು ಯಾರು, ಆಮೇಲೆ ಯಾರು ಎಂದು ಒಂದೂ ತಪ್ಪದೆ ಬರೆಸುತ್ತ ಹೋದಳು.